ಅರಿವಿನ ಕನಸಿನಲ್ಲಿ ಶಾಂತವಾಗಿ, ಎಚ್ಚರ ತಪ್ಪದೆ ಉಳಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕನಸಿನೊಳಗೆ ಇರುವಾಗಲೇ ‘ಇದು ಕನಸು’ ಎಂದು ಒಮ್ಮೆಯಾದರೂ ತಿಳಿದುಕೊಂಡವರು ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಳ್ಳಲಾಗಿದೆ. ಇಂಥ ಕನಸನ್ನು ಬೀಳಿಸಿಕೊಳ್ಳುವುದು ಹೇಗೆ ಎಂಬುದಕ್ಕಿಂತ, ಬಿದ್ದ ಕನಸಿನಲ್ಲಿ ನೆಲೆ ನಿಲ್ಲುವುದು ಹೇಗೆ ಎಂಬುದರ ಕಡೆಗೇ ಇಲ್ಲಿ ಹೆಚ್ಚು ಗಮನವಿದೆ.

## ಆರಂಭದ ಪ್ರಶ್ನೆಗಳು

ಅರಿವಿನ ಕನಸು ಅಂದರೆ ಕನಸನ್ನು ನಮಗೆ ಬೇಕಾದ ಹಾಗೆ ನಡೆಸೋದಾ?

ಅಲ್ಲ. ಕನಸು ನಡೆಯುತ್ತಿರುವಾಗಲೇ ಅದು ಕನಸೆಂದು ತಿಳಿದಿರುವುದಷ್ಟೇ ಅದರ ಲಕ್ಷಣ. ಇದಕ್ಕೆ ಲೂಸಿಡ್ ಡ್ರೀಮ್ ಎಂಬ ಇಂಗ್ಲಿಷ್ ಹೆಸರನ್ನು 1913ರಲ್ಲಿ ಬಳಕೆಗೆ ತಂದ ಡಚ್ ವೈದ್ಯ ಮತ್ತು ಲೇಖಕ ಫ್ರೆಡರಿಕ್ ವಾನ್ ಏಡನ್, ಇಂಥ ಕನಸಿನಲ್ಲಿ ಮಲಗಿದವನಿಗೆ ಹಗಲಿನ ಬದುಕೂ ತನ್ನ ಸ್ಥಿತಿಯೂ ನೆನಪಿರುತ್ತವೆ, ಗಮನವನ್ನು ಬೇಕಾದೆಡೆ ತಿರುಗಿಸಲು ಆಗುತ್ತದೆ, ಇಚ್ಛೆಯಂತೆ ಏನನ್ನಾದರೂ ಮಾಡಲು ಪ್ರಯತ್ನಿಸಲೂ ಆಗುತ್ತದೆ ಎಂದು ವಿವರಿಸಿದರು. ಪ್ರಯತ್ನಿಸಲು ಎಂಬುದನ್ನು ಗಮನಿಸಬೇಕು, ಪ್ರಯತ್ನ ಫಲಿಸಲೇಬೇಕೆಂದಿಲ್ಲ. ಏನನ್ನೂ ಬದಲಿಸದೆ, ಎದುರಿಗೆ ನಡೆಯುವುದನ್ನು ಕನಸೆಂದು ತಿಳಿದು ಸುಮ್ಮನೆ ನೋಡುತ್ತ ನಿಂತವರ ಕನಸೂ ಪೂರ್ಣ ಅರ್ಥದಲ್ಲಿ ಅರಿವಿನ ಕನಸೇ.

ಇದು ನಿಜವಾಗಿ ನಿದ್ದೆಯಲ್ಲೇ ಆಗುತ್ತಾ, ಇಲ್ಲ ಎದ್ದ ಮೇಲೆ ನಾವೇ ಕಟ್ಟಿಕೊಳ್ಳುವ ಕಥೆಯಾ?

ನಿದ್ರೆಯಲ್ಲಿಯೇ ಆಗುತ್ತದೆ ಎಂಬುದು ಪ್ರಯೋಗಶಾಲೆಯಲ್ಲಿ ಸಾಬೀತಾಗಿದೆ. ರೆಮ್ ಎಂಬುದು ಕಣ್ಣುಗಳು ವೇಗವಾಗಿ ಚಲಿಸುವ, ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವ ನಿದ್ರೆಯ ಹಂತ. ರೆಮ್ ನಿದ್ರೆಯಲ್ಲಿ ದೇಹದ ಸ್ನಾಯುಗಳು ಬಹುತೇಕ ಸಡಿಲಗೊಂಡು ನಿಶ್ಚಲವಾಗಿದ್ದರೂ ಕಣ್ಣುಗುಡ್ಡೆಗಳು ಚಲಿಸುತ್ತಿರುತ್ತವೆ, ಮತ್ತು ಕನಸಿನಲ್ಲಿ ನೋಟವನ್ನು ಹೊರಳಿಸಿದರೆ ನಿಜವಾದ ಕಣ್ಣುಗಳೂ ಹೊರಳುತ್ತವೆ. ಇದನ್ನೇ ಆಧಾರವಾಗಿಟ್ಟುಕೊಂಡು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ 1975ರಲ್ಲಿ, ಮಲಗಿದ್ದ ವ್ಯಕ್ತಿಯೊಬ್ಬರು ಮೊದಲೇ ಒಪ್ಪಿಕೊಂಡಿದ್ದ ಕ್ರಮದಲ್ಲಿ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಕನಸಿನೊಳಗಿಂದ ಕಳುಹಿಸಿದ ಸಂಕೇತವನ್ನು ದಾಖಲಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಲಬರ್ಜ್ ಸ್ವತಂತ್ರವಾಗಿ ಇದೇ ವಿಧಾನ ಬಳಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. 2021ರಲ್ಲಿ ನಾಲ್ಕು ದೇಶಗಳ ಸಂಶೋಧಕರು ಒಟ್ಟಾಗಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕನಸು ಕಾಣುತ್ತಿದ್ದವರಿಗೆ ಹೊರಗಿನಿಂದ ಸಣ್ಣ ಲೆಕ್ಕಗಳನ್ನು ಕೇಳಲಾಯಿತು, ಅವರಲ್ಲಿ ಕೆಲವರು ಎಂಟರಲ್ಲಿ ಆರು ಕಳೆದರೆ ಎಷ್ಟು ಎಂಬಂಥ ಪ್ರಶ್ನೆಗೆ ನಿದ್ರೆಯಲ್ಲಿದ್ದುಕೊಂಡೇ ಕಣ್ಣಿನ ಚಲನೆಯಿಂದ ಸರಿಯುತ್ತರ ಕೊಟ್ಟರು. ಎದ್ದ ಮೇಲೆ ಕಟ್ಟಿದ ಕಥೆಗೆ ಹೀಗೆ ಉತ್ತರಿಸಲು ಬಾರದು.

ನನಗೆ ಅಪರೂಪಕ್ಕೆ ಮಾತ್ರ ಇಂಥ ಕನಸು ಬೀಳುತ್ತೆ. ನನ್ನಲ್ಲೇನಾದರೂ ಕೊರತೆ ಇದೆಯಾ?

ಇಲ್ಲ, ಅಪರೂಪವೇ ಸಾಮಾನ್ಯ. ಹಲವು ದಶಕಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯ ಪ್ರಕಾರ ಸುಮಾರು 55% ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತದೆ. ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಹೆಚ್ಚು ಬೀಳುವವರು ಸುಮಾರು 23%.

ಮಲಗುವ ಮುಂಚೆ ಏನಾದರೂ ತಯಾರಿ ಬೇಕಾ?

ಬೇಕು, ಮತ್ತು ಕನಸಿನೊಳಗಿನ ಶಾಂತಿಯ ಬಹುಪಾಲು ಇಲ್ಲಿಯೇ ನಿರ್ಧಾರವಾಗುತ್ತದೆ. ರಾತ್ರಿಯ ನಿದ್ರೆ ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ ಮತ್ತು ರೆಮ್ ಅವಧಿಗಳು ಬೆಳಗಿನ ಜಾವದ ಕಡೆಗೆ ಉದ್ದವಾಗುತ್ತ ಹೋಗುತ್ತವೆ. ಆದ್ದರಿಂದ ಸುಮಾರು ಐದು ಗಂಟೆ ಮಲಗಿದ ನಂತರ ಎಚ್ಚರವಾದಾಗ, ಆಗಷ್ಟೇ ಬಿದ್ದ ಕನಸನ್ನು ನೆನಪಿಸಿಕೊಂಡು, ‘ಮುಂದಿನ ಸಲ ಕನಸು ಬಿದ್ದಾಗ ಅದು ಕನಸೆಂದು ನೆನಪಿಸಿಕೊಳ್ಳುತ್ತೇನೆ’ ಎಂಬ ಸಂಕಲ್ಪದೊಂದಿಗೆ, ಅದೇ ಕನಸಿನೊಳಗೆ ಮತ್ತೆ ಹೊಕ್ಕು ಅದನ್ನು ಕನಸೆಂದು ಗುರುತಿಸುತ್ತಿರುವಂತೆ ಕಲ್ಪಿಸಿಕೊಳ್ಳುತ್ತ ಮಲಗುವುದು ಬಹಳ ಜನರಿಗೆ ಫಲ ಕೊಟ್ಟಿರುವ ವಿಧಾನ.

ಇದರ ಜೊತೆಗೆ ಒಂದು ಮಾತನ್ನು ಸೇರಿಸಬೇಕು. ಕನಸೆಂದು ಗೊತ್ತಾದ ಮೇಲೆ ಏನು ಮಾಡಬೇಕೆಂಬುದನ್ನು ಎಚ್ಚರದಲ್ಲಿಯೇ ತೀರ್ಮಾನಿಸಿಕೊಂಡಿರಬೇಕು, ಮತ್ತು ಆ ಕೆಲಸ ಬಹಳ ಸಣ್ಣದಾಗಿರಬೇಕು: ಹತ್ತಿರದ ಗೋಡೆಯನ್ನು ಮುಟ್ಟುವುದು, ನೆಲದ ಮೇಲೆ ಏನಿದೆ ಎಂದು ನೋಡುವುದು, ಇಷ್ಟೇ ಸಾಕು. ಯೋಜನೆಯಿಲ್ಲದೆ ಅರಿವು ಮೂಡಿದವರು ಸಾಮಾನ್ಯವಾಗಿ ‘ಈಗ ಏನು ಮಾಡಲಿ?’ ಎಂಬ ತವಕದಲ್ಲಿಯೇ ಎದ್ದುಬಿಡುತ್ತಾರೆ.

## ಕನಸು ಕೈತಪ್ಪುವ ಕ್ಷಣಗಳು

ಕನಸು ಅಂತ ಗೊತ್ತಾದ ತಕ್ಷಣ ಖುಷಿಗೆ ಎಚ್ಚರ ಆಗಿಬಿಡುತ್ತೆ. ಇದನ್ನು ತಡೆಯೋದು ಹೇಗೆ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಸಾಮಾನ್ಯ ಕನಸಿನಲ್ಲಿ ವಿವೇಚನೆಗೆ ಸಂಬಂಧಿಸಿದ ಮಿದುಳಿನ ಮುಂಭಾಗದ ಚಟುವಟಿಕೆ ತಗ್ಗಿರುತ್ತದೆ. ಅರಿವು ಮೂಡಿದಾಗ ಅದರ ಕೆಲವು ಭಾಗಗಳು ಮತ್ತೆ ಚುರುಕಾಗುತ್ತವೆ ಎಂದು 2009ರ ಮತ್ತು 2012ರ ಅಧ್ಯಯನಗಳು ಸೂಚಿಸಿವೆ. ಅಂದರೆ ಅರಿವಿನ ಕನಸು ನಿದ್ರೆ ಮತ್ತು ಎಚ್ಚರಗಳ ಗಡಿಯಲ್ಲಿ ನಿಂತಿರುವ ಸ್ಥಿತಿ. ಅಲ್ಲಿ ಸಂಭ್ರಮದ ಒಂದು ಅಲೆ ಎದ್ದರೂ ಎಚ್ಚರದ ಕಡೆಗೆ ವಾಲುವುದು ಸಹಜ.

ಆದರೆ ಸಂಭ್ರಮವನ್ನು ಅದುಮಲು ಹೋಗುವುದು ಕೆಲಸಕ್ಕೆ ಬಾರದ ಉಪಾಯ. ಹೆಚ್ಚಿನವರಿಗೆ ಆಗುವ ತೊಂದರೆ ಸಂತೋಷವಾದದ್ದರಿಂದಲ್ಲ. ಸಂತೋಷವಾದೊಡನೆ ಗಮನ ಕನಸನ್ನು ಬಿಟ್ಟು ತಮ್ಮ ಮೇಲೆಯೇ ತಿರುಗುವುದರಿಂದ. ‘ಅಬ್ಬಾ, ನನಗೆ ಆಯಿತು, ನಾನು ಕನಸಿನಲ್ಲಿದ್ದೇನೆ’ ಎಂದು ಯೋಚಿಸಿದ ಗಳಿಗೆಯಲ್ಲಿ ಎದುರಿಗಿರುವುದನ್ನು ಯಾರೂ ನೋಡುತ್ತಿರುವುದಿಲ್ಲ, ನೋಡುವವರಿಲ್ಲದ ಕನಸು ಕರಗುತ್ತದೆ. ಆದ್ದರಿಂದ ಮೊದಲು ಮಾಡಬೇಕಾದದ್ದು ನಿಂತಲ್ಲಿಯೇ ನಿಂತು ಗಮನವನ್ನು ಕನಸಿನ ಒಂದು ವಸ್ತುವಿಗೆ ಕೊಡುವುದು. ಮೆಟ್ಟಿಲಿನ ಮೇಲಿದ್ದರೆ ಕಟಕಟೆಯನ್ನು ಹಿಡಿಯಿರಿ. ಅದು ಮರವೋ ಕಬ್ಬಿಣವೋ, ತಣ್ಣಗಿದೆಯೋ, ಬಣ್ಣ ಎದ್ದ ಜಾಗದಲ್ಲಿ ಬೆರಳಿಗೆ ತೊಡರು ಸಿಗುತ್ತದೆಯೋ, ಕೈ ಜಾರಿಸಿದರೆ ಸದ್ದಾಗುತ್ತದೆಯೋ ಎಂದು ಒಂದೊಂದಾಗಿ ಗಮನಿಸುತ್ತ ಹೋದರೆ, ಸಂಭ್ರಮ ಇದ್ದ ಹಾಗೆಯೇ ಇದ್ದರೂ ಕನಸು ಗಟ್ಟಿಯಾಗುತ್ತದೆ. ಹಾರುವುದು, ಊರು ಸುತ್ತುವುದು, ಬೇಕಾದವರನ್ನು ಕರೆಯುವುದು ಇವೆಲ್ಲ ಆಮೇಲಿನ ಮಾತು.

ದೃಶ್ಯ ಮಸುಕಾಗಲು ಶುರುವಾಯಿತು. ಆಗ ಏನು ಮಾಡಬೇಕು?

ಮೊದಲು ಹೋಗುವುದು ನೋಟ. ಸ್ಪರ್ಶ ಸ್ವಲ್ಪ ಹೊತ್ತು ಹೆಚ್ಚಾಗಿ ಉಳಿಯುತ್ತದೆ ಎಂಬುದು ಅನುಭವಿಗಳ ಸಾಮಾನ್ಯ ಮಾತು. ಆದ್ದರಿಂದ ಬಣ್ಣ ಕಳೆದುಕೊಳ್ಳುತ್ತಿರುವ ದೃಶ್ಯವನ್ನು ದಿಟ್ಟಿಸಿ ಹಿಡಿದಿಡಲು ಹೋಗದೆ, ಕನಸಿನ ಕೈಗಳನ್ನು ಒಂದಕ್ಕೊಂದು ಉಜ್ಜಬೇಕು ಅಥವಾ ನಿಂತಲ್ಲಿಯೇ ಕನಸಿನ ದೇಹವನ್ನು ಗಿರ್ರನೆ ತಿರುಗಿಸಬೇಕು. ಲಬರ್ಜ್ ನಡೆಸಿದ ಹೋಲಿಕೆಯಲ್ಲಿ, ಸುಮ್ಮನೆ ಕನಸಿನ ಪಾಡಿಗೆ ಸಾಗಿದವರಿಗಿಂತ ಈ ಎರಡರಲ್ಲಿ ಒಂದನ್ನು ಮಾಡಿದವರ ಕನಸು ಹೆಚ್ಚಾಗಿ ಮುಂದುವರಿಯಿತು. ಕೈಗಳು ಉಜ್ಜುತ್ತಿರುವ ಸಂವೇದನೆ ಕನಸಿನಿಂದ ಬರುತ್ತಿರುವಷ್ಟು ಹೊತ್ತು ಹಾಸಿಗೆಯ ಮೇಲೆ ನಿಶ್ಚಲವಾಗಿರುವ ನಿಜವಾದ ಕೈಗಳ ಕಡೆಗೆ ಗಮನ ಹೋಗಲು ಎಡೆಯಿರುವುದಿಲ್ಲ ಎಂದು ಇದನ್ನು ವಿವರಿಸಬಹುದು.

ತಿರುಗುವುದರಲ್ಲಿ ಒಂದು ತೊಡಕಿದೆ. ನಿಂತಾಗ ಬೇರೆಯೇ ಜಾಗ ಎದುರಾಗುತ್ತದೆ, ಅನೇಕ ಸಲ ಅದು ನಿಮ್ಮದೇ ಮಲಗುವ ಕೋಣೆಯಾಗಿರುತ್ತದೆ. ಎದ್ದೆನೆಂದು ನಂಬಿ ಮೋಸಹೋಗಬೇಡಿ. ತಿರುಗುತ್ತಿರುವಾಗಲೇ ‘ಮುಂದೆ ಕಾಣುವುದೂ ಕನಸೇ’ ಎಂದು ಹೇಳಿಕೊಳ್ಳುತ್ತಿರಬೇಕು.

ಶಾಂತವಾಗಿರಬೇಕು ಅಂದುಕೊಂಡಷ್ಟೂ ಎದೆ ಬಡಿತ ಜಾಸ್ತಿಯಾಗುತ್ತೆ. ನಾನೇನು ತಪ್ಪು ಮಾಡ್ತಿದ್ದೀನಿ?

ಶಾಂತಿಯನ್ನು ದೇಹದ ಸ್ಥಿತಿಯೆಂದು ಭಾವಿಸುತ್ತಿದ್ದೀರಿ, ಅಷ್ಟೇ. ಅರಿವಿನ ಕನಸು ಮೂಡುವುದು ಸಾಮಾನ್ಯವಾಗಿ ರೆಮ್ ನಿದ್ರೆಯ ಅತ್ಯಂತ ಚುರುಕಾದ ಗಳಿಗೆಗಳಲ್ಲಿ; ಆಗ ಉಸಿರಾಟ, ಹೃದಯಬಡಿತ, ಕಣ್ಣಿನ ಚಲನೆ ಎಲ್ಲವೂ ಏರಿರುತ್ತವೆ ಎಂದು ಪ್ರಯೋಗಶಾಲೆಯ ದಾಖಲೆಗಳು ತೋರಿಸಿವೆ. ಏರಿದ ಬಡಿತ ಕನಸಿನ ಶತ್ರುವಲ್ಲ, ಅದರ ಜೊತೆಗಾರ. ಅದನ್ನು ಇಳಿಸಲು ಹೊರಟರೆ ಗಮನ ನೇರವಾಗಿ ದೇಹಕ್ಕೆ ಹೋಗುತ್ತದೆ, ದೇಹವಿರುವುದು ಹಾಸಿಗೆಯ ಮೇಲೆ.

ಉಸಿರಿನ ಅಭ್ಯಾಸವನ್ನು ಕನಸಿನಲ್ಲಿ ಮಾಡಬೇಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಅದನ್ನು ಸೂಚಿಸುವವರು ಬಹಳ ಜನ ಇದ್ದಾರೆ, ಕೆಲವರಿಗೆ ಅದು ಒಗ್ಗಿಯೂ ಇದೆ. ಆದರೆ 1982ರ ಪ್ರಯೋಗವೊಂದರಲ್ಲಿ ಕನಸಿನಲ್ಲಿ ಉಸಿರು ಬಿಗಿಹಿಡಿದಾಗ ಮಲಗಿದ್ದವರ ನಿಜವಾದ ಉಸಿರೂ ನಿಂತದ್ದು ದಾಖಲಾಗಿದೆ. ಕನಸಿನ ಕೈಕಾಲುಗಳಂತಲ್ಲದೆ ಉಸಿರು ಎರಡು ಲೋಕಗಳಿಗೂ ಸಾಮಾನ್ಯವಾದ ಎಳೆ. ಹೊಸಬರು ಅದನ್ನು ಎಳೆಯದಿರುವುದೇ ಒಳ್ಳೆಯದು. ಅದರ ಬದಲು ಕನಸಿನಲ್ಲಿ ನಿಧಾನವಾಗಿ ನಡೆಯಿರಿ, ಮೆಲ್ಲಗೆ ಮಾತಾಡಿ. ನಡಿಗೆ ನಿಧಾನವಾದರೆ ಮನಸ್ಸು ತಾನಾಗಿ ಅದರ ಹಿಂದೆ ಬರುತ್ತದೆ.

ನನಗೆ ಎಚ್ಚರ ಆಗೋದಿಲ್ಲ, ಆದರೆ ಸ್ವಲ್ಪ ಹೊತ್ತಿಗೆ ಇದು ಕನಸು ಅನ್ನೋದೇ ಮರೆತುಹೋಗುತ್ತೆ. ಯಾಕೆ?

ಬೆಳಿಗ್ಗೆ ಎದ್ದು ಕನಸನ್ನು ಬರೆದಿಡುವವರಿಗಷ್ಟೇ ಗೊತ್ತಾಗುವ ಸಮಸ್ಯೆ ಇದು, ಏಕೆಂದರೆ ಮರೆತ ಕ್ಷಣವನ್ನು ಮರೆತವನು ಗಮನಿಸಲಾರ. ಎಚ್ಚರವಾಗಿ ಕಳೆದುಹೋಗುವ ಕನಸುಗಳ ಬಗ್ಗೆ ಎಲ್ಲರೂ ಮರುಗುತ್ತಾರೆ. ಹೀಗೆ ಸದ್ದಿಲ್ಲದೆ ಸಾಮಾನ್ಯ ಕನಸಾಗಿ ಹೋಗುವುದು ಅಷ್ಟೇ ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ.

ಇದು ಸಾಮಾನ್ಯವಾಗಿ ನಡೆಯುವ ಬಗೆ ಹೀಗಿದೆ. ಇದು ಕನಸೆಂದು ಗೊತ್ತಿದ್ದು ನೀವು ಒಂದು ಮನೆಯೊಳಗೆ ಹೋಗುತ್ತೀರಿ. ಒಳಗೆ ಪರಿಚಿತರೊಬ್ಬರು ಕಳೆದುಹೋದ ಬೀಗದಕೈಯನ್ನು ಹುಡುಕುತ್ತಿದ್ದಾರೆ. ಕನಸಾದ್ದರಿಂದ ಹುಡುಕುವ ಅಗತ್ಯವಿಲ್ಲವೆಂದು ಮೊದಲು ಅವರಿಗೆ ಹೇಳಬೇಕೆಂದುಕೊಳ್ಳುತ್ತೀರಿ. ಅವರ ಮುಖದ ಆತಂಕ ನೋಡಿ ಒಂದು ಕಪಾಟಿನ ಬಾಗಿಲು ತೆರೆಯುತ್ತೀರಿ, ನಂತರ ಇನ್ನೊಂದು. ಮೂರನೆಯದನ್ನು ತೆರೆಯುವ ಹೊತ್ತಿಗೆ ಬೀಗದಕೈ ಸಿಗದಿದ್ದರೆ ಹೊತ್ತಾಗುತ್ತದಲ್ಲ ಎಂಬ ಚಿಂತೆ ನಿಮ್ಮದೇ ಆಗಿರುತ್ತದೆ. ಇಲ್ಲಿ ಉದ್ವೇಗವಿಲ್ಲ, ಗಲಿಬಿಲಿಯಿಲ್ಲ. ಕಥೆ ಒಂದು ಗುರಿಯನ್ನು ಕೊಟ್ಟಿತು, ಗುರಿ ಅರಿವಿನ ಜಾಗವನ್ನು ಆಕ್ರಮಿಸಿತು.

ಹೀಗಾಗಿ ಗಮನವನ್ನು ಕನಸಿಗೆ ಕೊಡಬೇಕೆಂದು ಮೇಲೆ ಹೇಳಿದ ಸಲಹೆಗೆ ಒಂದು ಮಿತಿಯಿದೆ. ವಸ್ತುಗಳಿಗೆ ಕೊಟ್ಟ ಗಮನ ಕನಸನ್ನು ಗಟ್ಟಿಗೊಳಿಸುತ್ತದೆ, ಕಥೆಗೆ ಕೊಟ್ಟ ಗಮನ ಅರಿವನ್ನು ನುಂಗುತ್ತದೆ. ಪ್ರತಿ ಬಾಗಿಲು ದಾಟುವಾಗ, ಪ್ರತಿ ಹೊಸ ವ್ಯಕ್ತಿ ಎದುರಾದಾಗ ‘ಇದು ಕನಸು’ ಎಂದು ಬಾಯಿಬಿಟ್ಟು ಹೇಳುವುದನ್ನು ರೂಢಿಸಿಕೊಳ್ಳಿ. ಮನಸ್ಸಿನಲ್ಲಿ ಹೇಳಿಕೊಂಡದ್ದು ಬೇಗ ಮಾಸುತ್ತದೆ, ಕನಸಿನ ಕಿವಿಗೆ ಬಿದ್ದದ್ದು ನಿಲ್ಲುತ್ತದೆ.

ಕನಸಿನಲ್ಲಿ ಒಂದೇ ಕಡೆ ದಿಟ್ಟಿಸಿ ನೋಡಿದರೆ, ಅಥವಾ ಕಣ್ಣು ಮುಚ್ಚಿದರೆ ಏನಾಗುತ್ತೆ?

ಎರಡೂ ಬಹಳ ಸಲ ಎಚ್ಚರಕ್ಕೆ ಒಯ್ಯುತ್ತವೆ. ನೋಟವನ್ನು ಒಂದು ಬಿಂದುವಿನಲ್ಲಿ ನೆಟ್ಟರೆ ಕನಸು ಮುಗಿಯುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪಾಲ್ ಥೋಲೈ ಎದ್ದೇಳುವ ಉಪಾಯವಾಗಿಯೇ ವಿವರಿಸಿದ್ದರು. ಉಳಿಯಬೇಕೆಂದಿದ್ದರೆ ನೋಟ ಅಲೆದಾಡುತ್ತಿರಲಿ: ನಿಮ್ಮ ಕೈ, ಅದರಾಚೆಯ ನೆಲ, ಮತ್ತೆ ಕೈ.

ಕನಸಿನ ಒಳಗೆ ಗಂಟೆಗಟ್ಟಲೆ ಕಳೆದ ಹಾಗಿರುತ್ತೆ. ನಿಜವಾಗಿ ಎಷ್ಟು ಹೊತ್ತು ಆಗಿರುತ್ತೆ?

ಕೆಲವು ನಿಮಿಷಗಳು. ಕನಸಿನಲ್ಲಿ ಎಣಿಸಿದ ಹತ್ತು ಸೆಕೆಂಡು ಹೊರಗಿನ ಗಡಿಯಾರದಲ್ಲೂ ಹೆಚ್ಚುಕಡಿಮೆ ಹತ್ತು ಸೆಕೆಂಡೇ ಆಗಿರುವುದು ಕಣ್ಣಿನ ಸಂಕೇತಗಳಿಂದ ಗೊತ್ತಾಗಿದೆ. ನಡೆಯುವಂಥ ದೈಹಿಕ ಕೆಲಸಗಳಿಗೆ ಕನಸಿನಲ್ಲಿ ತುಸು ಹೆಚ್ಚೇ ಸಮಯ ಹಿಡಿಯುತ್ತದೆ ಎಂದು 2014ರ ಅಧ್ಯಯನವೊಂದು ಕಂಡುಕೊಂಡಿತು.

## ಹೆದರಿಕೆಯ ಪ್ರಶ್ನೆಗಳು

ಎದ್ದೆ ಅಂದುಕೊಂಡು ಮುಖ ತೊಳೆದುಕೊಂಡೆ, ಆಮೇಲೆ ನೋಡಿದರೆ ಅದೂ ಕನಸು! ಇದರಿಂದ ಹೊರಬರೋದಕ್ಕೆ ಆಗದೇ ಹೋದರೆ?

ಹುಸಿ ಎಚ್ಚರ ಎನ್ನಬಹುದಾದ ಈ ಅನುಭವ ಅರಿವಿನ ಕನಸಿನ ಬೆನ್ನಿಗೇ ಬರುವುದು ಸಾಮಾನ್ಯ. ಸಾಲಾಗಿ ಹಲವು ಸಲ ಆದಾಗ ಸಿಕ್ಕಿಹಾಕಿಕೊಂಡ ಭಯ ಹುಟ್ಟುತ್ತದೆ. ರೆಮ್ ಅವಧಿ ತನ್ನಷ್ಟಕ್ಕೆ ಮುಗಿಯುವಂಥದ್ದಾದ್ದರಿಂದ ಒಳಗೆ ಉಳಿದುಹೋಗುವ ಪ್ರಶ್ನೆಯೇ ಇಲ್ಲ. ಪ್ರತಿ ಸಲ ಎದ್ದಾಗಲೂ, ನಿಜವಾಗಿ ಎದ್ದಾಗಲೂ, ಒಂದು ಪರೀಕ್ಷೆ ಮಾಡುವ ರೂಢಿ ಇಟ್ಟುಕೊಂಡರೆ ಹುಸಿ ಎಚ್ಚರ ಭಯದ ಬದಲು ಅವಕಾಶವಾಗುತ್ತದೆ. ಮೂಗನ್ನು ಬೆರಳುಗಳಿಂದ ಮುಚ್ಚಿ ಉಸಿರೆಳೆಯುವುದು ನಂಬಬಹುದಾದ ಪರೀಕ್ಷೆ. ಮುಚ್ಚಿದ ಮೂಗಿನಿಂದಲೂ ಗಾಳಿ ಒಳಗೆ ಬಂದರೆ ನೀವಿನ್ನೂ ಕನಸಿನಲ್ಲಿದ್ದೀರಿ. ಬರಹವನ್ನು ಓದಿ, ಕಣ್ಣು ಸರಿಸಿ, ಮತ್ತೆ ಓದುವುದು ಇನ್ನೊಂದು. ಕನಸಿನ ಅಕ್ಷರಗಳು ಎರಡನೆಯ ಓದಿಗೆ ಬಹುತೇಕ ಬದಲಾಗಿರುತ್ತವೆ.

ಕನಸು ಮುಗಿದಾಗ ಮೈ ಅಲ್ಲಾಡಿಸೋಕೆ ಆಗಲಿಲ್ಲ, ಕೋಣೆಯಲ್ಲಿ ಯಾರೋ ಇದ್ದ ಹಾಗಿತ್ತು. ಅಪಾಯವೇ?

ಅಪಾಯವಲ್ಲ. ರೆಮ್ ನಿದ್ರೆಯ ಸ್ನಾಯು ನಿಶ್ಚಲತೆ ಮನಸ್ಸು ಎಚ್ಚೆತ್ತ ಮೇಲೂ ಸ್ವಲ್ಪ ಹೊತ್ತು ಉಳಿದಾಗ ಹೀಗಾಗುತ್ತದೆ. ಕನಸಿನ ಚಿತ್ರಗಳೂ ಅದರೊಂದಿಗೆ ಉಳಿದಿರುವುದರಿಂದ ಯಾರೋ ಇದ್ದಾರೆಂಬ ಭಾವ, ಎದೆಯ ಮೇಲಿನ ಭಾರ, ಕಾಲ ಸಪ್ಪಳ ಎಲ್ಲವೂ ನಿಜವೆನಿಸುತ್ತವೆ. ಕೆಲವೇ ನಿಮಿಷಗಳಲ್ಲಿ ತಾನಾಗಿ ಬಿಡುತ್ತದೆ. ಇಡೀ ದೇಹವನ್ನು ಎಬ್ಬಿಸಲು ಹೆಣಗಾಡುವುದು ಭಯವನ್ನಷ್ಟೇ ಬೆಳೆಸುತ್ತದೆ. ಕಾಲಿನ ಹೆಬ್ಬೆರಳನ್ನೋ ನಾಲಿಗೆಯನ್ನೋ ಮೆಲ್ಲಗೆ ಚಲಿಸಲು ನೋಡಿ, ಇಲ್ಲವೇ ಕಾಯಿರಿ. ನಿದ್ರೆಗೆಟ್ಟಾಗ ಮತ್ತು ಅಂಗಾತ ಮಲಗಿದಾಗ ಇದು ಹೆಚ್ಚು. ಪದೇ ಪದೇ ಆಗುತ್ತಿದ್ದು ಹಗಲಿನಲ್ಲೂ ತಡೆಯಲಾಗದ ನಿದ್ದೆ ಬರುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು.

ಯಾರೋ ಅಟ್ಟಿಸಿಕೊಂಡು ಬರ್ತಾರೆ. ಕನಸು ಅಂತ ಗೊತ್ತಿದ್ದರೂ ಹೆದರಿಕೆ ಹೋಗೋದಿಲ್ಲ!

ಗೊತ್ತಿರುವುದು ಮತ್ತು ಹೆದರದಿರುವುದು ಬೇರೆ ಬೇರೆ ಸಂಗತಿಗಳು. ಮೊದಲನೆಯದು ಕ್ಷಣಾರ್ಧದಲ್ಲಿ ಮೂಡುತ್ತದೆ, ಎರಡನೆಯದಕ್ಕೆ ಕಾಲ ಬೇಕು. ಭಯವಿದ್ದರೆ ಇರಲಿ, ಓಡುವುದನ್ನು ಮಾತ್ರ ನಿಲ್ಲಿಸಿ. ಓಡುತ್ತಿರುವಷ್ಟು ಹೊತ್ತು ಅಟ್ಟುವವನೂ ಇರುತ್ತಾನೆ. ಥೋಲೈ ಇಂಥ ಕನಸುಗಳನ್ನು ವಿಶೇಷವಾಗಿ ಅಭ್ಯಾಸ ಮಾಡಿದವರು. ತಿರುಗಿ ನಿಂತು, ಎದುರಿನ ಆಕೃತಿಯನ್ನು ನೇರವಾಗಿ ನೋಡಿ, ಅದನ್ನು ಮಾತಾಡಿಸಬೇಕು ಎಂಬುದು ಅವರ ಸಲಹೆ. ‘ನೀನು ಯಾರು, ನಿನಗೇನು ಬೇಕು?’ ಎಂಬ ಪ್ರಶ್ನೆ ಸಾಕು. ಹಾಗೆ ಕೇಳಿದಾಗ ಆಕೃತಿ ಕುಗ್ಗುವುದು, ಪರಿಚಿತರ ಮುಖ ತಾಳುವುದು ಅಥವಾ ತೀರ ಸಾಧಾರಣವಾದ ಉತ್ತರ ಕೊಡುವುದು ಹಲವರ ಅನುಭವ. ಅದರ ಮೇಲೆ ಏರಿಹೋಗಿ ಹೊಡೆದಾಡುವುದನ್ನು ನಾನು ಸಲಹೆ ಮಾಡುವುದಿಲ್ಲ. ಗೆದ್ದರೂ ಅರಿವು ಜಗಳದೊಳಗೆ ಮುಳುಗಿರುತ್ತದೆ.

ಮರುಕಳಿಸುವ ದುಃಸ್ವಪ್ನಗಳ ಚಿಕಿತ್ಸೆಯಲ್ಲಿಯೂ ಈ ಮಾರ್ಗವನ್ನು ಪ್ರಯತ್ನಿಸಲಾಗಿದೆ. 2006ರ ಸಣ್ಣ ಅಧ್ಯಯನವೊಂದರಲ್ಲಿ ತರಬೇತಿ ಪಡೆದವರ ದುಃಸ್ವಪ್ನಗಳು ಕಡಿಮೆಯಾದವು, ಅರಿವು ಮೂಡದವರಿಗೂ ಕೂಡ ಸ್ವಲ್ಪ ಪ್ರಯೋಜನ ಕಂಡಿತು. ನಿಜಜೀವನದ ಆಘಾತ ಕನಸಾಗಿ ಬರುತ್ತಿದ್ದರೆ ಮಾತ್ರ ಒಬ್ಬರೇ ಎದುರಿಸಲು ಹೋಗದೆ ಚಿಕಿತ್ಸಕರ ನೆರವು ಪಡೆಯಿರಿ.

## ಅಭ್ಯಾಸ ಇರುವವರ ಪ್ರಶ್ನೆಗಳು

ಹಾರೋಕೆ ಹೋದರೆ ಬೀಳ್ತೀನಿ, ದೀಪ ಹಾಕಿದರೆ ಹತ್ತೋದಿಲ್ಲ. ಸಿಟ್ಟು ಬಂದು ಕನಸೇ ಹಾಳಾಗುತ್ತೆ.

ಕನಸು ಆಜ್ಞೆಗಿಂತ ನಿರೀಕ್ಷೆಯನ್ನು ಹೆಚ್ಚು ಕೇಳುತ್ತದೆ. ಬೀಳಬಹುದೆಂಬ ಅನುಮಾನದೊಂದಿಗೆ ಹಾರಿದರೆ ಅನುಮಾನವೇ ನಡೆಯುತ್ತದೆ. ದೀಪದ ತೊಂದರೆ ಬೇರೆ ಬಗೆಯದು: ಕತ್ತಲೆಯ ದೃಶ್ಯ ಒಮ್ಮೆಗೇ ಬೆಳಗುವುದು ಕನಸಿಗೆ ಕಷ್ಟವೆಂದು ಹರ್ನ್ ಬಹಳ ಹಿಂದೆಯೇ ಗುರುತಿಸಿದ್ದರು. ಗುಂಡಿ ಒತ್ತುತ್ತ ನಿಲ್ಲುವ ಬದಲು ಬಾಗಿಲು ತೆರೆದು, ಆಚೆ ಬೆಳಕಿದೆ ಎಂದು ನಂಬಿ, ಆ ಕಡೆ ನಡೆದುಹೋಗುವುದು ಸುಲಭ. ಬಯಸಿದ ವ್ಯಕ್ತಿಯನ್ನೂ ಹೀಗೆಯೇ ಕಾಣಬಹುದು. ಶೂನ್ಯದಿಂದ ಬರಿಸಲು ಹೆಣಗುವುದಕ್ಕಿಂತ, ಅವರು ಪಕ್ಕದ ಕೋಣೆಯಲ್ಲಿದ್ದಾರೆ ಎಂದುಕೊಂಡು ಹೋಗಿ ನೋಡುವುದು ಲೇಸು. ಆದರೂ ಆಗದಿದ್ದರೆ ಬಿಟ್ಟುಬಿಡಿ. ಬಿದ್ದಾಗ ನೆಲ ಹೇಗಿತ್ತೆಂದು ಗಮನಿಸಿದವರ ಅರಿವು, ಸಿಟ್ಟಿನಿಂದ ಮತ್ತೆ ಮತ್ತೆ ಹಾರಿದವರ ಅರಿವಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ.

ಕನಸಿನಲ್ಲೇ ಕೂತು ಧ್ಯಾನ ಮಾಡಬಹುದಾ? ಹಗಲಿನ ಧ್ಯಾನದಿಂದ ಇದಕ್ಕೆ ಸಹಾಯ ಆಗುತ್ತಾ?

ಮಾಡಬಹುದು. ಟಿಬೆಟ್‌ನ ಬೌದ್ಧ ಪರಂಪರೆಯಲ್ಲಿ ಭಾರತದ ಬೌದ್ಧ ಸಿದ್ಧ ನಾರೋಪನ ಹೆಸರಿನಲ್ಲಿರುವ ಆರು ಯೋಗಗಳಲ್ಲಿ ಸ್ವಪ್ನಯೋಗವೂ ಒಂದು. ಅಲ್ಲಿ ಕನಸನ್ನು ಕನಸೆಂದು ತಿಳಿಯುವುದು ಆರಂಭವಷ್ಟೇ, ಸಾಧನೆ ಅದರ ಮುಂದಿನದು. ಸಾಮಾನ್ಯ ಅಭ್ಯಾಸಿಗೆ ಎದುರಾಗುವ ಕಷ್ಟವೆಂದರೆ, ಕಣ್ಣು ಮುಚ್ಚಿ ಕೂತೊಡನೆ ಕನಸಿನ ಇಂದ್ರಿಯಾನುಭವ ತೆಳುವಾಗಿ ಎಚ್ಚರವಾಗುತ್ತದೆ. ಕಣ್ಣು ತೆರೆದೇ ಕೂತು, ಸುತ್ತಲಿನ ಸದ್ದುಗಳನ್ನು ಆಲಿಸುತ್ತಿರುವುದು ಹೆಚ್ಚು ಬಾಳುತ್ತದೆ. ದೃಶ್ಯ ಪೂರ್ತಿ ಅಳಿದು ಬರಿಯ ಕತ್ತಲೆ ಉಳಿದರೆ ಗಾಬರಿಯಾಗದೆ ಕಾಯಿರಿ. ಹೊಸ ಕನಸು ಅಲ್ಲಿಂದಲೇ ಮೂಡುವುದುಂಟು.

ಹಗಲಿನ ಧ್ಯಾನದ ವಿಷಯಕ್ಕೆ ಬಂದರೆ, 2019ರ ಅಧ್ಯಯನವೊಂದರಲ್ಲಿ ದೀರ್ಘಕಾಲದ ಧ್ಯಾನಿಗಳು ಉಳಿದವರಿಗಿಂತ ಹೆಚ್ಚು ಅರಿವಿನ ಕನಸುಗಳನ್ನು ವರದಿ ಮಾಡಿದರು, ಆದರೆ ಹೊಸಬರಿಗೆ ಕೊಟ್ಟ ಎಂಟು ವಾರಗಳ ತರಬೇತಿಯಿಂದ ಅವುಗಳ ಸಂಖ್ಯೆ ಏರಲಿಲ್ಲ. ಅವಸರದ ಫಲವನ್ನು ಇಲ್ಲಿ ನಿರೀಕ್ಷಿಸಬಾರದು.

ಇದನ್ನು ದಿನಾ ಮಾಡಿದರೆ ನಿದ್ದೆ ಕೆಡುತ್ತಾ? ಮಾತ್ರೆಗಳೂ ಇವೆಯಂತೆ, ತೆಗೆದುಕೊಳ್ಳಬಹುದಾ?

ನಿದ್ರೆಯನ್ನು ಕೆಡಿಸುವುದು ಕನಸಲ್ಲ, ಅದಕ್ಕಾಗಿ ನಡುರಾತ್ರಿ ಏಳುವ ಅಲಾರಂ. ಮರುದಿನ ತಡವಾಗಿ ಏಳಬಹುದಾದ ರಾತ್ರಿಗಳಲ್ಲಿ ಮಾತ್ರ ಅದನ್ನು ಇಟ್ಟುಕೊಳ್ಳಿ. ನಿದ್ರಾಹೀನತೆ ಇರುವವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಮನೋವಿಕೃತಿಯ ಇತಿಹಾಸವಿರುವವರು, ಕನಸು ಮತ್ತು ವಾಸ್ತವಗಳ ಗಡಿ ಹಗಲಿನಲ್ಲಿಯೂ ಮಸುಕಾಗುತ್ತಿದೆ ಎನಿಸುವವರು ಈ ಅಭ್ಯಾಸದಿಂದ ದೂರವಿರುವುದು ಕ್ಷೇಮ. ಹಗಲಿಡೀ ‘ಇದು ಕನಸೇ?’ ಎಂದು ಕೇಳಿಕೊಳ್ಳುವುದು ಅವರಿಗೆ ಆಟದ ಮಾತಲ್ಲ.

ಮಾತ್ರೆಯ ವಿಷಯದಲ್ಲಿ, ಮರೆವಿನ ಕಾಯಿಲೆಗೆ ಬಳಸುವ ಗ್ಯಾಲಂಟಮೀನ್ ಅರಿವಿನ ಕನಸುಗಳನ್ನು ಹೆಚ್ಚಿಸಿದ್ದನ್ನು 2018ರ ಪ್ರಯೋಗವೊಂದು ತೋರಿಸಿದೆ ಎಂಬುದು ನಿಜ. ಆದರೆ ಅದು ಹೃದಯದ ಬಡಿತವನ್ನು ನಿಧಾನಗೊಳಿಸಬಲ್ಲ, ವಾಕರಿಕೆ ತರಬಲ್ಲ ಔಷಧ. ವೈದ್ಯರ ಸಲಹೆಯಿಲ್ಲದೆ ಅದನ್ನು ತೆಗೆದುಕೊಳ್ಳಬಾರದು. ಕನಸುಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಅವುಗಳೊಳಗೆ ನಿಲ್ಲುವ ಕಲೆ ತಾನಾಗಿ ಬರುವುದೂ ಇಲ್ಲ. ಬೀಗದಕೈ ಹುಡುಕುತ್ತ ಅರಿವು ಕಳೆದುಕೊಳ್ಳುವವರು ಮಾತ್ರೆ ನುಂಗಿಯೂ ಹಾಗೆಯೇ ಕಳೆದುಕೊಳ್ಳಬಹುದು.